ಉಪ್ಪುಗಾಳಿಯಲ್ಲಿ ಸೇಫ್ಟಿ ಸೆನ್ಸರ್: ಕಾರವಾರದ ಐಸ್ ಪ್ಲಾಂಟಿನಿಂದ ದೀರ್ಘ ಬಳಕೆಯ ವಿಮರ್ಶೆ

ಕಾರವಾರದ ಬೈತಖೋಲ ಬಂದರಿಗೆ ಸಮೀಪದ ಐಸ್ ಪ್ಲಾಂಟೊಂದರಲ್ಲಿ ಯಂತ್ರಗಳ ನಿರ್ವಹಣೆ ನನ್ನ ಹೊಣೆ. ಅಲ್ಲಿನ ಐಸ್ ಕ್ರಷರಿನ ಬಾಗಿಲುಗಳಿಗೆ 2021ರಲ್ಲಿ ಕೋಡ್ ಇರುವ ಆರ್‌ಎಫ್‌ಐಡಿ ಸೇಫ್ಟಿ ಸೆನ್ಸರುಗಳನ್ನೂ (ಬಾಗಿಲಿಗೆ ಹಚ್ಚಿದ ಜೋಡಿ ತುಂಡನ್ನು ರೇಡಿಯೊ ಅಲೆಯಿಂದ ಗುರುತಿಸುವಂಥವು) ಅವುಗಳ ಜೊತೆಗೆ ಸೊಲೆನಾಯ್ಡ್, ಅಂದರೆ ವಿದ್ಯುತ್ಕಾಂತದ, ಬೀಗವಿರುವ ಇಂಟರ್‌ಲಾಕ್ ಸ್ವಿಚ್ಚುಗಳನ್ನೂ ಅಳವಡಿಸಿದೆವು. ಬಾಗಿಲು ತೆರೆದಿದ್ದರೆ ಯಂತ್ರ ಓಡದಂತೆ ತಡೆಯುವುದು ಇವುಗಳ ಕೆಲಸ. ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ಸಾಲದ್ದಕ್ಕೆ ಐಸ್ ಗಟ್ಟಿಸುವ ಬ್ರೈನ್ ಟ್ಯಾಂಕಿನ ಉಪ್ಪುನೀರು ಬೇರೆ. ಹೀಗಾಗಿ ಕ್ಯಾಟಲಾಗಿನಲ್ಲಿ ಬರೆದ ಬಾಳಿಕೆಯನ್ನು ನಂಬಿ ಯಾವ ಸ್ವಿಚ್ಚನ್ನೂ ಕೊಳ್ಳುವಂತಿಲ್ಲ.

ಮೊದಲು ಇದ್ದದ್ದು ಲೋಹದ ಪಟ್ಟಿಯ ಯಾಂತ್ರಿಕ ಸ್ವಿಚ್. ಬಾಗಿಲು ಹಾಕಿದಾಗ ಪಟ್ಟಿ ಸ್ವಿಚ್ಚಿನ ಸೀಳಿನೊಳಗೆ ಹೋಗಿ ಸರ್ಕ್ಯೂಟ್ ಪೂರ್ಣವಾಗುತ್ತದೆ. ಬಾಗಿಲು ತೆಗೆದಾಗ ಅದೇ ಪಟ್ಟಿ ಒಳಗಿನ ಕಾಂಟ್ಯಾಕ್ಟುಗಳನ್ನು (ವಿದ್ಯುತ್ ಹರಿಸುವ ಲೋಹದ ತುದಿಗಳನ್ನು) ಎಳೆದು ಬಿಡಿಸುತ್ತದೆ. ಕಾಂಟ್ಯಾಕ್ಟುಗಳು ಬೆಸೆದುಕೊಂಡಿದ್ದರೂ ಬಲವಂತವಾಗಿ ತೆರೆಯುವ ಈ ಗುಣವನ್ನು ವೃತ್ತದೊಳಗಿನ ಬಾಣದ ಗುರುತು ಸೂಚಿಸುತ್ತದೆ. ಘಟ್ಟದ ಮೇಲಿನ ಒಣ ವರ್ಕ್‌ಶಾಪಿಗೆ ಇಂದಿಗೂ ಅದು ಸಾಕಾದೀತು. ನಮ್ಮಲ್ಲಿ ಮಾತ್ರ ಸೀಳಿನೊಳಗೆ ಐಸ್ ಚೂರು ಸೇರುತ್ತಿತ್ತು, ಉಪ್ಪು ಗಟ್ಟಿಯಾಗುತ್ತಿತ್ತು, ಬಾಗಿಲಿನ ತಿರುಗಣೆ ಸ್ವಲ್ಪ ಜಗ್ಗಿದರೂ ಪಟ್ಟಿ ಬಾಗುತ್ತಿತ್ತು.

ಆಮೇಲೆ ಬಂದ ಸಾದಾ ಮ್ಯಾಗ್ನೆಟಿಕ್ ಸೆನ್ಸರಿಗೆ ಈ ತೊಂದರೆ ಇರಲಿಲ್ಲ, ಆದರೆ ಅದನ್ನು ಮೋಸಗೊಳಿಸುವುದು ತೀರಾ ಸುಲಭ. ಬೋಟುಗಳು ಐಸಿಗಾಗಿ ಸಾಲುಗಟ್ಟಿರುವಾಗ ಬಾಗಿಲು ತೆರೆದಿಟ್ಟೇ ಕ್ರಷರ್ ಓಡಿಸುವ ಆಸೆ ಹುಟ್ಟುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಸೆನ್ಸರಿಗೆ ಅಂಟಿಸಿದರೆ ಮುಗಿಯಿತು. ಎರಡು ಬಾಗಿಲುಗಳ ಇಂಥ ಸೆನ್ಸರುಗಳನ್ನು ಸರಣಿಯಲ್ಲಿ ಜೋಡಿಸಿ ಒಂದೇ ಸೇಫ್ಟಿ ರಿಲೇಗೆ (ಸೆನ್ಸರುಗಳ ಸಂಕೇತ ನೋಡಿ ಮೋಟರಿನ ವಿದ್ಯುತ್ ಕಡಿಯುವ ಸಾಧನಕ್ಕೆ) ಕೊಟ್ಟಾಗ ಇನ್ನೊಂದು ಅಪಾಯವೂ ಇದೆ: ಒಂದರ ಕಾಂಟ್ಯಾಕ್ಟ್ ಅಂಟಿಕೊಂಡರೆ ರಿಲೇ ಎರಡು ಚಾನೆಲ್‌ಗಳ, ಅಂದರೆ ಒಂದೇ ಸಂಕೇತ ತರುವ ಎರಡು ಪ್ರತ್ಯೇಕ ತಂತಿಗಳ, ವ್ಯತ್ಯಾಸವನ್ನು ಗುರುತಿಸಿ ಯಂತ್ರವನ್ನು ತಡೆಯುತ್ತದೆ, ಆದರೆ ನಂತರ ಇನ್ನೊಂದು ಬಾಗಿಲನ್ನು ತೆರೆದು ಮುಚ್ಚಿದೊಡನೆ ಆ ದೋಷ ಮರೆಯಾಗಿ ಯಂತ್ರ ಮತ್ತೆ ಓಡತೊಡಗಬಹುದು.

ಬಾಗಿಲಿನ ಇಂಟರ್‌ಲಾಕುಗಳಿಗೆ ಸಂಬಂಧಿಸಿದ ಐಎಸ್ಒ 14119 ಅಂತರರಾಷ್ಟ್ರೀಯ ಮಾನದಂಡದಲ್ಲಿ ಟೈಪ್ 4 ಎಂದು ಕರೆಯುವ ಆರ್‌ಎಫ್‌ಐಡಿ ಸೆನ್ಸರ್ ಇವೆರಡಕ್ಕೂ ಉತ್ತರ ಕೊಟ್ಟಿದೆ. ಉನ್ನತ ಮಟ್ಟದ ಕೋಡಿಂಗ್ ಎಂದರೆ 1000ಕ್ಕೂ ಹೆಚ್ಚು ಭಿನ್ನ ಕೋಡ್‌ಗಳು ಸಾಧ್ಯ ಎಂದರ್ಥ. ತನಗೆ ಕಲಿಸಿಕೊಟ್ಟ ಜೋಡಿಯನ್ನಲ್ಲದೆ ಬೇರೆ ತುಂಡನ್ನು ಅದು ಒಪ್ಪುವುದಿಲ್ಲ. ತನ್ನ ಔಟ್‌ಪುಟ್‌ಗಳನ್ನು ತಾನೇ ಪರೀಕ್ಷಿಸಿಕೊಳ್ಳುವುದರಿಂದ ಸರಣಿಯಲ್ಲಿ ಜೋಡಿಸಿದರೂ ದೋಷ ಅಡಗಿ ಕೂರುವುದಿಲ್ಲ. ಬಾಗಿಲು ಕೆಲವು ಮಿಲಿಮೀಟರ್ ಜಗ್ಗಿದಾಗ ಯಂತ್ರ ನಿಲ್ಲುವ ಮೊದಲೇ ಸೆನ್ಸರಿನ ದೀಪ ಮಿನುಗಿ ಎಚ್ಚರಿಸುವುದು ನನಗೆ ಬಹಳ ಮೆಚ್ಚಿಗೆಯಾದ ಸೌಲಭ್ಯ.

ಆದರೂ ಕ್ರಷರಿಗೆ ಸೆನ್ಸರೊಂದೇ ಸಾಲದು. ಮೋಟರ್ ಆಫ್ ಆದ ಮೇಲೂ ಹಲ್ಲುಗಳಿರುವ ಭಾರದ ಡ್ರಮ್ ತನ್ನ ವೇಗದಲ್ಲೇ ಕೆಲವು ಸೆಕೆಂಡು ತಿರುಗುತ್ತಿರುತ್ತದೆ. ಅಪಾಯದಿಂದ ಎಷ್ಟು ದೂರವಿರಬೇಕೆಂದು ಹೇಳುವ ಐಎಸ್ಒ 13855 ಮಾನದಂಡದ ಲೆಕ್ಕದಲ್ಲಿ ಮನುಷ್ಯ ಸೆಕೆಂಡಿಗೆ 1600 ಮಿಲಿಮೀಟರ್ ವೇಗದಲ್ಲಿ ಅಪಾಯದತ್ತ ಸಾಗುತ್ತಾನೆ. ಡ್ರಮ್ ನಿಲ್ಲಲು 5 ಸೆಕೆಂಡು ಬೇಕೆಂದರೆ ಬೀಗವಿಲ್ಲದ ಬಾಗಿಲು 8 ಮೀಟರ್ ದೂರದಲ್ಲಿರಬೇಕಾಗುತ್ತದೆ, ಅದು ಯಾವ ಪ್ಲಾಂಟಿನಲ್ಲೂ ಆಗದ ಮಾತು. ಆದ್ದರಿಂದ ಬೀಗ ಅನಿವಾರ್ಯ, ಅದರಲ್ಲೂ ಸ್ಪ್ರಿಂಗಿನಿಂದ ಹಾಕಿಕೊಂಡು ವಿದ್ಯುತ್ ಕೊಟ್ಟಾಗ ಮಾತ್ರ ತೆರೆದುಕೊಳ್ಳುವ ಬಗೆಯದು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ಹೋದ ಕ್ಷಣದಲ್ಲಿ ಡ್ರಮ್ ಇನ್ನೂ ತಿರುಗುತ್ತಿರುತ್ತದೆ, ಬೀಗ ಮಾತ್ರ ಬಿಡುವುದಿಲ್ಲ. ತುರ್ತಿದ್ದರೆ ಟೂಲ್ ಬಳಸಿ ತೆರೆಯುವ ವ್ಯವಸ್ಥೆ ಇದೆ, ಆ ಟೂಲ್ ಫೋರ್‌ಮನ್ ಬಳಿ ಮಾತ್ರ ಇರಬೇಕು.

ಬೀಗವನ್ನು ಟೈಮರಿನಿಂದ ಬಿಡಿಸುವುದಕ್ಕಿಂತ ಶಾಫ್ಟಿನ ಪಕ್ಕದ ಎರಡು ಪ್ರಾಕ್ಸಿಮಿಟಿ ಸೆನ್ಸರುಗಳ (ತಿರುಗುವ ಲೋಹವನ್ನು ತಾಗದೆಯೇ ಗುರುತಿಸುವಂಥವು) ಮೂಲಕ ಡ್ರಮ್ ನಿಂತದ್ದನ್ನು ಖಚಿತಪಡಿಸಿಕೊಂಡು ಬಿಡಿಸುವುದು ಮೇಲು. ಐಸ್ ಸಿಕ್ಕಿಹಾಕಿಕೊಂಡಾಗ ಡ್ರಮ್ ತಟ್ಟನೆ ನಿಲ್ಲುತ್ತದೆ, ಮೋಟರಿನ ವಿದ್ಯುತ್ ಕಡಿದೊಡನೆ ಬೀಗವೂ ಬಿಡುತ್ತದೆ. ಟೈಮರ್ ಇದ್ದರೆ ಪೂರ್ತಿ ಅವಧಿ ಕಾಯಬೇಕಿತ್ತು, ಕೆಲಸಗಾರರು ಸ್ವಿಚ್ಚಿಗೆ ತಂತಿ ಕಟ್ಟುವುದು ಇಂಥ ಕಾಯುವಿಕೆಯ ಹೊತ್ತಿನಲ್ಲೇ. ಹಲ್ಲು ಬದಲಿಸುವ ಕೆಲಸಕ್ಕಂತೂ ಯಾವ ಇಂಟರ್‌ಲಾಕನ್ನೂ ನೆಚ್ಚಬಾರದು, ವಿದ್ಯುತ್ತನ್ನು ಪೂರ್ತಿ ಕಡಿಯುವ ಮೇನ್ ಐಸೊಲೇಟರನ್ನೇ ಇಳಿಸಿ ಬೀಗ ಜಡಿಯಬೇಕು.

ದೂರುಗಳಿಲ್ಲವೆಂದಲ್ಲ. ಸೆನ್ಸರಿನ ದೇಹ ಐಪಿ67 ಮತ್ತು ಐಪಿ69ಕೆ ಎರಡೂ ರಕ್ಷಣೆ ಹೊಂದಿದೆ, ಒಳಗೆ ನೀರು ಹೋದದ್ದಿಲ್ಲ. ಆದರೆ ಈ ಅಂಕಿಗಳು ದೂಳು ನೀರಿನ ಮಾತಾಡುತ್ತವೆಯೇ ಹೊರತು ಉಪ್ಪಿನ ತುಕ್ಕಿನದ್ದಲ್ಲ. ನಿಕ್ಕಲ್ ಲೇಪದ ಹಿತ್ತಾಳೆಯ ಎಂ12 ಕನೆಕ್ಟರ್ ನಟ್ಟುಗಳು ಹಸಿರುಗಟ್ಟಿ, ಪಿನ್ನುಗಳಲ್ಲಿ ತೇವ ಸೇರಿ, ಕಾರಣವಿಲ್ಲದೆ ಯಂತ್ರ ನಿಲ್ಲತೊಡಗಿತು. 316 ದರ್ಜೆಯ ಸ್ಟೇನ್‌ಲೆಸ್ ನಟ್ಟಿರುವ ಕೇಬಲ್ ಹಾಕಿ, ಅದನ್ನು ಕೆಳಮುಖವಾಗಿ ಬಾಗಿಸಿ ಬಿಟ್ಟ ಮೇಲೆ ಆ ಕಾಟ ತಪ್ಪಿತು. ಹೊಸದಾಗಿ ಕೊಳ್ಳುವವರು ಮೊದಲೇ ಅದನ್ನು ಕೇಳಿ ಪಡೆಯುವುದು ಒಳ್ಳೆಯದು.

ಬೆಲೆ ಸಾದಾ ಮ್ಯಾಗ್ನೆಟಿಕ್ ಸೆನ್ಸರಿನ ಹಲವು ಪಟ್ಟು. ಬಿಡಿಭಾಗ ಕಾರವಾರದ ಅಂಗಡಿಯಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕನೆಕ್ಟರ್ ಬಿಚ್ಚಿ ಒರೆಸಿ, ಪ್ರತಿ ಬಾಗಿಲನ್ನೂ ತೆರೆದು ರಿಲೇ ಬೀಳುವುದನ್ನು, ಅಂದರೆ ವಿದ್ಯುತ್ ಕಡಿಯುವುದನ್ನು, ಪರೀಕ್ಷಿಸುತ್ತೇವೆ. ಸ್ಟಾಕಿಗೆ ಸೆನ್ಸರ್ ಇಡುವವರು ಅದರ ಜೋಡಿ ತುಂಡನ್ನೂ ಸೇರಿಸಿ ಇಡಬೇಕು, ಏಕೆಂದರೆ ಕೆಲವು ಮಾದರಿಗಳು ಹೊಸ ಜೋಡಿಯನ್ನು ಕೆಲವೇ ಬಾರಿ ಕಲಿಯುತ್ತವೆ, ಕೆಲವು ಒಮ್ಮೆ ಕಲಿತದ್ದನ್ನು ಬದಲಿಸುವುದೇ ಇಲ್ಲ.