ಬಿದಿರಿನ ಬಾಣ ಒಂದು ಡಜನ್: ಎರಡು ವರ್ಷ ಹೊಡೆದ ಮೇಲೆ

ಪ್ಯಾಕೆಟ್ ಮೇಲೆ ‘35–40 ಪೌಂಡ್ ಬಿಲ್ಲಿಗೆ’ ಅಂತ ಬರೆದಿತ್ತು. ನನ್ನ ಮರದ ಬಿಲ್ಲು 38 ಪೌಂಡು (ಹೆದೆ ಪೂರ್ತಿ ಎಳೆಯೋಕೆ ಬೇಕಾದ ಬಲ), ಸರಿಹೋಯ್ತು ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ತುಮಕೂರಿನ ಹೊರಗೆ ನಮ್ಮ ತೋಟದಲ್ಲಿ, ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ನಿಲ್ಲಿಸಿ 20 ಮೀಟರ್‌ನಿಂದ ಹೊಡೀತೀನಿ.

ಮೊದಲ ತಿಂಗಳು ಬಾಣವೆಲ್ಲ ಎಡಕ್ಕೇ. ಜೊತೆಗೆ ಬಿಲ್ಲಿನ ಹಿಡಿಗೆ ‘ಟಕ್’ ಅಂತ ಬಡಿಯೋ ಸದ್ದು ಬೇರೆ. ನನ್ನ ಕೈಯದೇ ತಪ್ಪು ಅಂದ್ಕೊಂಡಿದ್ದೆ. ಆದರೆ ಅದೇ ಡಜನ್‌ನಲ್ಲಿ ಮೂರು ಮಾತ್ರ ಸದ್ದಿಲ್ಲದೆ ನೇರ ಹೋಗ್ತಿದ್ವು.

ಬಾಣ ಬಿಲ್ಲಿನಿಂದ ನೆಟ್ಟಗೆ ಹೊರಡಲ್ಲ. ಬೆರಳಿಂದ ಜಾರುವಾಗ ಹೆದೆ ಒಂಚೂರು ಪಕ್ಕಕ್ಕೆ ಸರಿಯುತ್ತೆ. ಹಿಂದೆ ಹೆದೆಯ ಒತ್ತಡ, ಮುಂದೆ ಮೊನೆಯ ಭಾರ, ನಡುವೆ ಸಿಕ್ಕ ಕಡ್ಡಿ ಬಾಗಲೇಬೇಕು. ಮೊದಲು ಬಿಲ್ಲಿನ ಕಡೆಗೆ, ಆಮೇಲೆ ಆಚೆಗೆ. ಹಾಗೆ ಬಳುಕುತ್ತಲೇ ಬಾಲ ಹಿಡಿಯನ್ನು ತಾಗದೆ ಬಳಸಿಕೊಂಡು ಹೋಗಬೇಕು. ಕಡ್ಡಿ ಗಡುಸಾದರೆ ನನ್ನಂಥ ಬಲಗೈಯವರಿಗೆ ಎಡಕ್ಕೆ ಹೋಗುತ್ತೆ, ತೀರಾ ಮೆತ್ತಗಿದ್ದರೆ ಬಲಕ್ಕೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಈ ಬಳುಕನ್ನ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದಿದ್ರು.

ಅಳೆದೇ ಬಿಡೋಣ ಅಂತ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು ಬಾಣ ಇಟ್ಟೆ. ನಡುವೆ ಎರಡು ಪೌಂಡ್ ತೂಗಬೇಕು. ಅಂಗಡೀಲಿ 900 ಗ್ರಾಂ ರಾಗಿ ತೂಗಿಸಿ ತಂದು ಚೀಲ ನೇತುಹಾಕಿದೆ. 26ನ್ನ ಬಾಗಿದ ಇಂಚಿನಿಂದ ಭಾಗಿಸಿದರೆ ಆ ಕಡ್ಡಿ ಎಷ್ಟು ಪೌಂಡ್ ಬಿಲ್ಲಿಗೆ ಹೊಂದುತ್ತೆ ಅನ್ನೋ ಲೆಕ್ಕ ಸಿಗುತ್ತೆ. ಆ ಮೂರು ಬಾಣ 17 ಮಿಲಿಮೀಟರ್ ಬಾಗಿದ್ವು, ಅಂದ್ರೆ 39 ಪೌಂಡು. ಉಳಿದವು 13 ಮಿಲಿಮೀಟರ್ ಆಸುಪಾಸು, ಹತ್ತಿರ ಹತ್ತಿರ 51! ಮಾರಿದವರಿಗೆ ಬರೆದೆ. ‘ಬಿದಿರು ಅಂದ್ಮೇಲೆ ಹಾಗೇನೇ ಸಾರ್’ ಅಂದ್ರು.

ಆ ಗಡುಸು ಬಾಣಗಳ 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ಮೊನೆ ತೆಗೆದು 125ರದ್ದು ಹಾಕಿದೆ. ಮುಂದೆ ಭಾರ ಹೆಚ್ಚಾದಷ್ಟೂ ಕಡ್ಡಿ ಜಾಸ್ತಿ ಬಳುಕುತ್ತೆ. ಏಳು ದಾರಿಗೆ ಬಂದ್ವು, ಎರಡು ಇವತ್ತಿಗೂ ಮೊಂಡು. ಉದ್ದ ಕತ್ತರಿಸೋಕೆ ಮಾತ್ರ ಹೋಗಬೇಡಿ, ಇನ್ನೂ ಗಡುಸಾಗುತ್ತೆ.

ಗರಿಗೆ ಪೂರ್ತಿ ಅಂಕ. ಹಿಡಿಗೆ ಸವರಿದರೂ ಮಡಚಿ ಮತ್ತೆ ಎದ್ದು ನಿಲ್ಲುತ್ತೆ, ಗಾಳಿ ಹಿಡಿದು ಬಾಲವನ್ನ ಹಿಂದಕ್ಕೆ ಜಗ್ಗಿ ಬಳುಕು ಅಡಗಿಸುತ್ತೆ. ಜಡಿಮಳೆಯಲ್ಲಿ ನೆಂದರೆ ಮುಗೀತು, ಗುರಿ ಮುಟ್ಟೋವರೆಗೂ ಬಾಲ ಆಡಿಸ್ಕೊಂಡೇ ಹೋಗುತ್ತೆ. ಸೊಟ್ಟಗಾದ ಕಡ್ಡಿಯನ್ನ ಗ್ಯಾಸ್ ಒಲೆಯ ಬಿಸಿಗೆ ಹಿಡಿದು ನೆಟ್ಟಗೆ ಮಾಡಬಹುದು, ಮನೆಯವರು ಒಪ್ಪಿದರೆ.

ನಮ್ಮ ನಾಮದ ಚಿಲುಮೆಯಲ್ಲಿ ರಾಮ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಅಂತಾರೆ. ತೋಟದ ಬಂಡೆಗೆ ತಗುಲಿ ನನ್ನವು ಮೂರು ಮುರಿದ್ವು. ಒಂಬತ್ತು ಉಳಿದಿವೆ. ಮೂರು ಸ್ಟಾರ್, ಒಂದೊಂದನ್ನೂ ಅಳೆದು ಕಳಿಸಿದ್ರೆ ಐದೂ ಕೊಡ್ತಿದ್ದೆ.