ಕಾಲರ್ ಮೈಕ್, ವೈರ್‌ಲೆಸ್, ಶಾಟ್‌ಗನ್, ರೆಕಾರ್ಡರ್: ವಿದ್ಯಾರ್ಥಿ ಸಾಕ್ಷ್ಯಚಿತ್ರಕ್ಕೆ ಯಾವುದು?

ಒಬ್ಬರೇ ಮಾತನಾಡುತ್ತಿರುವಾಗ ನಾಲ್ಕು ಬಗೆಯ ಮೈಕ್‌ಗಳಲ್ಲಿ ಒಟ್ಟಿಗೇ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿದರೆ ಬೆಲೆಪಟ್ಟಿ ತಲೆಕೆಳಗಾಗುತ್ತದೆ. ತರಗತಿಯ ಕೋಣೆ, ಬಸ್ ನಿಲ್ದಾಣ, ಬಯಲು ಹೊಲ, ನಡೆಯುತ್ತಿರುವ ಕೈಮಗ್ಗ, ಈ ನಾಲ್ಕು ಕಡೆ ನಾವು ಹೀಗೆ ಹೋಲಿಸಿದ್ದೇವೆ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಓದುತ್ತಿದ್ದು, ಕೊನೆಯ ಸೆಮಿಸ್ಟರ್‌ನ ಸಾಕ್ಷ್ಯಚಿತ್ರಕ್ಕೆ ಮೈಕ್ ಹುಡುಕುತ್ತಿರುವವರು ಮೊದಲು ನೋಡಬೇಕಾದದ್ದು ಅದು ಎಷ್ಟರ ಮೈಕ್ ಎಂದಲ್ಲ, ಬಾಯಿಂದ ಎಷ್ಟು ದೂರ ಇರುತ್ತದೆ ಎಂದು.

ದೂರ ಎರಡು ಪಟ್ಟಾದಾಗಲೆಲ್ಲ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬಲ್ (ಧ್ವನಿಯ ಮಟ್ಟದ ಅಳತೆ) ಇಳಿಯುತ್ತದೆ. ಎದೆಯ ಮೇಲಿನ ಮೈಕ್ ಬಾಯಿಂದ 25 ಸೆಂ.ಮೀ. ದೂರ, ಕ್ಯಾಮೆರಾ ಮೇಲಿನದ್ದು 2 ಮೀಟರ್ ದೂರ ಇದ್ದರೆ ವ್ಯತ್ಯಾಸ 18 ಡೆಸಿಬಲ್. ಮಾತು ಅಷ್ಟು ತಗ್ಗಿದರೂ ಫ್ಯಾನಿನ ಸದ್ದು, ಗೋಡೆಯ ಪ್ರತಿಧ್ವನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತವೆ. ಎಡಿಟಿಂಗ್‌ನಲ್ಲಿ ವಾಲ್ಯೂಮ್ ಏರಿಸಿದರೆ ಅವೂ ಜೊತೆಗೇ ಏರುತ್ತವೆ.

ಈ ಲೆಕ್ಕದಲ್ಲಿ, ಕೂತು ಮಾತನಾಡುವ ಸಂದರ್ಶನಕ್ಕೆ ನಮ್ಮ ಮೊದಲ ಆಯ್ಕೆ ಸಾವಿರ ರೂಪಾಯಿಯ ಆಸುಪಾಸಿನ ವೈರ್ ಕಾಲರ್ ಮೈಕ್. ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವ ಬೋಯಾ ಬಿವೈ-ಎಂ1 ಅನ್ನೇ ತೆಗೆದುಕೊಳ್ಳಿ. 6 ಮೀಟರ್ ವೈರ್, ನಡುವೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಒಂದು ಸ್ವಿಚ್ ಮತ್ತು ಎಲ್‌ಆರ್44 ಬಟನ್ ಸೆಲ್. ಫೋನಿಗೆ ಚುಚ್ಚಿದರೆ ಸ್ವಿಚ್ ಸ್ಮಾರ್ಟ್‌ಫೋನ್ ಕಡೆ, ಕ್ಯಾಮೆರಾಕ್ಕೆ ಚುಚ್ಚಿದರೆ ಕ್ಯಾಮೆರಾ ಕಡೆ ಇರಬೇಕು. ಕೆಲಸ ಮುಗಿದ ಮೇಲೂ ಕ್ಯಾಮೆರಾ ಕಡೆಯೇ ಬಿಟ್ಟರೆ ಸೆಲ್ ಖಾಲಿಯಾಗಿ, ಮುಂದಿನ ತಂಡಕ್ಕೆ ಮೈಕ್ ಸತ್ತಂತೆ ತೋರುತ್ತದೆ. ವಿಭಾಗದಿಂದ ಕಿಟ್ ಪಡೆಯುವಾಗ ಒಂದು ಹೊಸ ಸೆಲ್ ಜೇಬಿನಲ್ಲಿರಲಿ.

ಮೈಕನ್ನು ಕ್ಯಾಮೆರಾಕ್ಕೆ ಚುಚ್ಚುವುದಕ್ಕಿಂತ ಇನ್ನೊಂದು ಫೋನಿಗೆ ಚುಚ್ಚಿ, ಆ ಫೋನನ್ನು ಮಾತನಾಡುವವರ ಜೇಬಿಗೆ ಹಾಕುವುದು ಉತ್ತಮ. ಆಗ 6 ಮೀಟರ್ ವೈರ್ ನೆಲದ ಮೇಲೆ ಎಳೆದಾಡುವುದಿಲ್ಲ, ಕ್ಯಾಮೆರಾವನ್ನು ಎಷ್ಟು ದೂರ ಬೇಕಾದರೂ ಇಡಬಹುದು. ಕಾಲೇಜುಗಳಲ್ಲಿರುವ ಕ್ಯಾನನ್ 1500ಡಿಯಲ್ಲಿ ಹೊರಗಿನ ಮೈಕ್ ಚುಚ್ಚುವ ಜಾಗವೇ ಇಲ್ಲ ಎನ್ನುವುದನ್ನೂ ನೆನಪಿಡಿ. 200ಡಿಯಲ್ಲಿ ಇದೆ.

ಫೋನಿನಲ್ಲಿ ಏರೋಪ್ಲೇನ್ ಮೋಡ್ ಕಡ್ಡಾಯ. ಇಲ್ಲದಿದ್ದರೆ ಒಂದು ಕರೆ ಬಂದರೆ ಸಾಕು, ರೆಕಾರ್ಡಿಂಗ್ ನಿಲ್ಲಬಹುದು. ಬ್ಯಾಟರಿ ಸೇವರ್ ಆಫ್ ಇರಲಿ. ಪರದೆ ಆರಿದ ಮೇಲೆ ರೆಕಾರ್ಡಿಂಗ್ ಆ್ಯಪನ್ನೇ ನಿಲ್ಲಿಸಿಬಿಡುವ ಫೋನ್‌ಗಳಿವೆ. ಆ್ಯಪ್‌ನಲ್ಲಿ ವೇವ್ (WAV) ಫೈಲ್, 48 ಕಿಲೋಹರ್ಟ್ಸ್ ಆರಿಸಿ. 16 ಬಿಟ್ ಮೋನೊದಲ್ಲಿ ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ, ಅಷ್ಟೇ. 3.5 ಎಂಎಂ ಜಾಕ್ ಇಲ್ಲದ ಫೋನಿಗೆ ಟೈಪ್-ಸಿ ಕನೆಕ್ಟರ್ ಬೇಕು, ಆದರೆ ಹಾಡು ಕೇಳಿಸುವ ಕನೆಕ್ಟರ್‌ಗಳೆಲ್ಲ ಮೈಕ್ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ, ನಂತರ ಫೋನಿನ ತಳವನ್ನು ಕೆರೆಯಿರಿ. ಎರಡನೆಯದೇ ಜೋರಾಗಿ ಕೇಳಿದರೆ ಫೋನ್ ತನ್ನ ಒಳಗಿನ ಮೈಕನ್ನೇ ಬಳಸುತ್ತಿದೆ ಎಂದರ್ಥ.

ಸಿಕ್ಕಿಸುವುದರಲ್ಲೇ ಅರ್ಧ ಕೆಲಸ ಇದೆ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಇದು ಸುತ್ತಲಿನ ಧ್ವನಿಯನ್ನು ಸಮವಾಗಿ ಹಿಡಿಯುವ ಮೈಕ್ ಆದ್ದರಿಂದ ತಲೆ ಕೆಳಗಾಗಿ ಸಿಕ್ಕಿಸಿದರೂ ನಷ್ಟವಿಲ್ಲ. ಉಸಿರಿನ ಹೊಡೆತ ಕಡಿಮೆಯಾಗುವುದು ಲಾಭವೇ. ರೇಷ್ಮೆ ಸೀರೆಯ ಸೆರಗು, ಗಂಜಿ ಹಾಕಿದ ಖಾದಿ ಅಂಗಿ, ಈ ಎರಡೂ ಉಸಿರಾಡಿದರೂ ಸರಸರ ಎನ್ನುತ್ತವೆ. ಮಾಂಗಲ್ಯದ ಸರ ಮೈಕ್‌ಗೆ ಬಡಿದ ಸದ್ದನ್ನು ಆಮೇಲೆ ತೆಗೆಯಲು ಆಗುವುದೇ ಇಲ್ಲ. ಔಷಧಿ ಅಂಗಡಿಯ ಪೇಪರ್ ಟೇಪಿನ ತುಂಡನ್ನು ಅಂಟು ಹೊರಗೆ ಬರುವಂತೆ ಮಡಚಿ, ಮೈಕಿನ ಎರಡೂ ಬದಿಗೆ ಇಟ್ಟು, ಬಟ್ಟೆಯ ಎರಡು ಮಡಿಕೆಗಳ ನಡುವೆ ಒತ್ತಿದರೆ ಬಟ್ಟೆ ಮತ್ತು ಮೈಕ್ ಒಟ್ಟಿಗೇ ಅಲುಗುತ್ತವೆ, ಉಜ್ಜಾಟ ನಿಲ್ಲುತ್ತದೆ. ಕ್ಲಿಪ್ಪಿನ ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಟೇಪ್ ಹಾಕಿ, ಎಳೆತ ಮೈಕ್‌ವರೆಗೆ ಬರದಂತೆ. ಮೈಕನ್ನು ಮಾತನಾಡುವವರ ಕೈಗೇ ಕೊಟ್ಟು, ‘ಇಲ್ಲಿ ಸಿಕ್ಕಿಸಿಕೊಳ್ಳಿ ಅಮ್ಮಾ’ ಎಂದು ತೋರಿಸುವುದೇ ಸರಿಯಾದ ಕ್ರಮ.

ವೈರ್‌ಲೆಸ್ ಕಡೆಗೆ ಎಲ್ಲರ ಒಲವು ಇರುವುದು ಸಹಜ. ನಡೆಯುತ್ತಾ ಮಾತನಾಡುವವರಿಗೆ, ಹೊಲದ ಬದುವಿನ ಮೇಲೆ ರೈತರನ್ನು ಹಿಂಬಾಲಿಸುವ ದೃಶ್ಯಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಇವುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಜೊತೆಗೆ ಮನುಷ್ಯನ ದೇಹದಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಎದೆಯ ಮೇಲೆ ಟ್ರಾನ್ಸ್‌ಮಿಟರ್ (ಧ್ವನಿಯನ್ನು ಕಳಿಸುವ ಪುಟ್ಟ ಡಬ್ಬಿ) ಇಟ್ಟುಕೊಂಡವರು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದರೆ, ಅದೂ ಜನ ತುಂಬಿದ ಬಸ್ ನಿಲ್ದಾಣದಲ್ಲಿ, ಮಾತು ತುಂಡು ತುಂಡಾಗುತ್ತದೆ. ಡಬ್ಬಿಯ ಮೇಲೆ ಬರೆದ 200 ಮೀಟರ್ ಅಡ್ಡ ಏನೂ ಇಲ್ಲದ ಬಯಲಿಗೆ ಹೇಳಿದ ಮಾತು.

ರೋಡ್ ಕಂಪನಿಯ ವೈರ್‌ಲೆಸ್ ಗೋ 2, ಡಿಜೆಐ ಮೈಕ್ ಥರದವುಗಳಲ್ಲಿ ಟ್ರಾನ್ಸ್‌ಮಿಟರ್ ಒಳಗೇ ರೆಕಾರ್ಡ್ ಆಗುವ ವ್ಯವಸ್ಥೆ ಇದೆ. ಸಿಗ್ನಲ್ ಕಡಿದರೂ ಮಾತು ಅಲ್ಲಿ ಉಳಿದಿರುತ್ತದೆ. ವೈರ್‌ಲೆಸ್ ಕೊಳ್ಳುವುದಾದರೆ ಈ ಸೌಲಭ್ಯ ಇರುವುದನ್ನೇ ಕೊಳ್ಳಬೇಕು. ಗೋ 2ರಲ್ಲಿ ಅದನ್ನು ರೋಡ್ ಸೆಂಟ್ರಲ್ ಆ್ಯಪಿನಿಂದ ಮೊದಲೇ ಚಾಲೂ ಮಾಡಿರಬೇಕು. ಫೋನಿನ ತಳಕ್ಕೆ ಚುಚ್ಚುವ ಅಗ್ಗದ ವೈರ್‌ಲೆಸ್‌ಗಳನ್ನು ಸಾಕ್ಷ್ಯಚಿತ್ರಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಅವುಗಳ ನಾಯ್ಸ್ ರಿಡಕ್ಷನ್ ಬಟನ್ ಒತ್ತಿದರೆ ಗದ್ದಲದ ಜೊತೆ ಮಾತಿನ ತುದಿಗಳೂ ಹೋಗುತ್ತವೆ: ಸ, ಶ, ಷ ಒಂದೇ ಆಗುತ್ತವೆ, ಮಹಾಪ್ರಾಣಗಳು ಸವೆಯುತ್ತವೆ, ವಾಕ್ಯದ ಕೊನೆಯಲ್ಲಿ ತಗ್ಗಿ ಹೇಳಿದ ಕ್ರಿಯಾಪದ ನುಂಗಿಹೋಗುತ್ತದೆ. ಕನ್ನಡದಲ್ಲಿ ಅರ್ಥ ಕೂತಿರುವುದೇ ಆ ಕೊನೆಯ ಪದದಲ್ಲಿ. ‘ಬರ್ತೀನಿ’ ಎಂದರೋ ‘ಬರಲ್ಲ’ ಎಂದರೋ ತಿಳಿಯದ ಸಂದರ್ಶನದಿಂದ ಏನು ಪ್ರಯೋಜನ?

ಶಾಟ್‌ಗನ್, ಅಂದರೆ ಎದುರಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಕೊಳವೆಯಂಥ ಮೈಕ್, ಕ್ಯಾಮೆರಾದ ಮೇಲೆ ಕೂತಾಗ ದುಡ್ಡು ದಂಡ. ಅದು ದೂರದ ಮಾತನ್ನು ಎಳೆದು ತರುವುದಿಲ್ಲ, ಪಕ್ಕದ ಸದ್ದನ್ನು ತಗ್ಗಿಸುತ್ತದೆ ಅಷ್ಟೇ. ಲೆನ್ಸಿನ ಮೋಟಾರ್ ಸದ್ದೂ ಅದಕ್ಕೆ ಹತ್ತಿರವೇ. ಸಣ್ಣ ಸಿಮೆಂಟ್ ಕೋಣೆಯಲ್ಲಂತೂ ಗೋಡೆಯಿಂದ ಮರಳಿ ಬರುವ ಧ್ವನಿ ಸೇರಿ ಮಾತು ಟೊಳ್ಳಾಗಿ ಕೇಳುತ್ತದೆ. ಅದೇ ಮೈಕನ್ನು ಗೋಡೆಗೆ ಬಣ್ಣ ಬಳಿಯುವ ರೋಲರ್ ಕೋಲಿಗೆ ಕಟ್ಟಿ, 3 ಮೀಟರ್ ಎಕ್ಸ್‌ಟೆನ್ಷನ್ ವೈರ್ ಹಾಕಿ, ತಲೆಯ ಮೇಲೆ ಮುಂದಿನಿಂದ ಅರ್ಧ ಮೀಟರ್ ಎತ್ತರದಲ್ಲಿ ಬಾಯಿಯ ಕಡೆ ಬಾಗಿಸಿ ಹಿಡಿಯಿರಿ. ಬಯಲಿನಲ್ಲಿ ಕಾಲರ್ ಮೈಕ್‌ಗಿಂತ ಸಹಜವಾದ ಧ್ವನಿ ಬರುತ್ತದೆ, ಬಟ್ಟೆಯ ಸದ್ದಿನ ಕಾಟವೂ ಇಲ್ಲ. ಗಾಳಿಗೆ ತುಪ್ಪಳದ ಹೊದಿಕೆ ಬೇಕೇ ಬೇಕು, ಬರೀ ಸ್ಪಂಜ್ ಸಾಲದು. ಕೋಲು ಹಿಡಿಯಲು ಒಬ್ಬರು ಬೇಕಾಗುತ್ತದೆ, ಇಬ್ಬರ ತಂಡಕ್ಕೆ ಇದು ಕಷ್ಟ.

ಇನ್ನು ಜೂಮ್ ಎಚ್1ಎನ್‌ನಂಥ ಕೈ ರೆಕಾರ್ಡರ್. ಎರಡು ಎಎಎ ಸೆಲ್, ಮೈಕ್ರೊ ಎಸ್‌ಡಿ ಕಾರ್ಡ್, 24 ಬಿಟ್ ಸ್ಟೀರಿಯೊ. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದೆಲ್ಲ ಬರುತ್ತದೆ, ಪುಟ್ಟ ಟ್ರೈಪಾಡ್ ಮೇಲಿಡಿ. ಸಂದರ್ಶನಕ್ಕಿಂತ ಪರಿಸರದ ಧ್ವನಿಗೆ ಇದು ಅಮೂಲ್ಯ. ಕೈಮಗ್ಗದ ಮುಂದೆ ಇದು ಸ್ಪಷ್ಟವಾಗಿ ಗೊತ್ತಾಯಿತು. ನೇಯುತ್ತಾ ಮಾತನಾಡುವವರ ಕಾಲರ್ ಮೈಕ್‌ನಲ್ಲಿ ಮಗ್ಗದ ಪ್ರತಿ ಬಡಿತಕ್ಕೂ ಮಾತು ಒಡೆಯುತ್ತದೆ. ಮಗ್ಗ ನಿಲ್ಲಿಸಿ ಮಾತು ತೆಗೆದುಕೊಂಡು, ನಂತರ ರೆಕಾರ್ಡರನ್ನು ಒಂದೂವರೆ ಮೀಟರ್ ದೂರದಲ್ಲಿಟ್ಟು ಲಾಳಿ ಓಡುವ ಸದ್ದನ್ನು ಬೇರೆಯಾಗಿ ಹಿಡಿದರೆ, ಎಡಿಟಿಂಗ್‌ನಲ್ಲಿ ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಬಹುದು. ಈ ರೆಕಾರ್ಡರ್‌ಗೆ ಕಾಲರ್ ಮೈಕನ್ನೂ ಚುಚ್ಚಬಹುದು. ವಿಭಾಗದಲ್ಲಿ ಲಭ್ಯವಿದ್ದರೆ ಜೇಬಿನ ಫೋನಿಗಿಂತ ಇದೇ ನಂಬಿಕಸ್ಥ.

ಧ್ವನಿ ಬೇರೆ, ಚಿತ್ರ ಬೇರೆ ರೆಕಾರ್ಡ್ ಆದಾಗ ಜೋಡಿಸುವುದು ಹೇಗೆಂಬ ಭಯ ಬೇಡ. ಕ್ಯಾಮೆರಾದ ಒಳಗಿನ ಮೈಕ್ ಚಾಲೂ ಇರಲಿ, ಆರಂಭದಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲೊಂದು. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಮೀಡಿಯಾ ಪೂಲ್‌ನಲ್ಲಿ ಎರಡೂ ಕ್ಲಿಪ್ ಆರಿಸಿ, ಬಲ ಕ್ಲಿಕ್ ಮಾಡಿ, ಆಟೊ ಸಿಂಕ್ ಆಡಿಯೊದಲ್ಲಿ ವೇವ್‌ಫಾರ್ಮ್ ಆಯ್ಕೆ ಒತ್ತಿದರೆ ತಾನೇ ಕೂಡಿಸುತ್ತದೆ. ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುವುದರಿಂದ ಅರ್ಧ ಗಂಟೆಯ ಒಂದೇ ಟೇಕ್‌ನಲ್ಲಿ ತುಟಿ ಮತ್ತು ಮಾತು ಜಾರಬಹುದು. 25 ಫ್ರೇಮ್ ವೇಗದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಜಾರಿದರೆ ಕಣ್ಣಿಗೆ ಹತ್ತುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಚಪ್ಪಾಳೆ ಹೊಡೆಯಿರಿ.

ಯಾವ ಮೈಕ್ ಆದರೂ, ಧ್ವನಿಯ ಮಟ್ಟವನ್ನು ತಾನೇ ಏರಿಳಿಸುವ ಆಟೊ ಲೆವೆಲ್ ತೆಗೆಯುವ ಅವಕಾಶವಿದ್ದರೆ ತೆಗೆದು, ಜೋರಾಗಿ ಮಾತನಾಡಿದಾಗ ಲೆವೆಲ್ ತೋರಿಸುವ ಪಟ್ಟಿ ಮೈನಸ್ 12 ಡೆಸಿಬಲ್ ಆಸುಪಾಸು ಮುಟ್ಟುವಂತೆ ಕೈಯಾರೆ ಹೊಂದಿಸಿ. ಆಟೊದಲ್ಲಿ ಬಿಟ್ಟರೆ ಮಾತಿನ ನಡುವಿನ ಮೌನದಲ್ಲಿ ಫ್ಯಾನ್ ಮೇಲೆದ್ದು ಬರುತ್ತದೆ. ಮಾತು ಮುಗಿದ ಮೇಲೆ ಯಾರನ್ನೂ ಏಳಗೊಡದೆ ಕೋಣೆಯ ಬರೀ ಸದ್ದನ್ನು 30 ಸೆಕೆಂಡ್ ಹಿಡಿದುಕೊಳ್ಳಿ. ಕತ್ತರಿಸಿದ ವಾಕ್ಯಗಳ ನಡುವೆ ತುಂಬಲು ಅದೇ ಬೇಕು. ಫ್ಯಾನ್, ಫ್ರಿಜ್ ಎರಡನ್ನೂ ಮನೆಯವರನ್ನು ಕೇಳಿಯೇ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದಾಗ ನಿಮ್ಮ ಬೈಕ್ ಕೀಯನ್ನು ಅದರೊಳಗೆ ಇಡಿ, ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ.