ಲ್ಯಾಬಿನ ಪಿಸಿಗಳಿಗೆ ಲಿನಕ್ಸ್: ಕ್ಲೋನ್‌ಜಿಲ್ಲಾ, ಆಟೋಇನ್‌ಸ್ಟಾಲ್, ಕ್ಯೂಬಿಕ್

ಮಂಡ್ಯದ ಹತ್ತಿರ ಒಂದು ಹೈಸ್ಕೂಲಿನ ಲ್ಯಾಬನ್ನು ನಾನು ನೋಡಿಕೊಳ್ಳುತ್ತೇನೆ. ಯಾರ್ಯಾರೋ ಕೊಟ್ಟ ಪಿಸಿಗಳು. ಒಂದರಲ್ಲಿ 500 ಜಿಬಿ ಹಾರ್ಡ್‌ಡಿಸ್ಕ್, ಇನ್ನೊಂದರಲ್ಲಿ 128 ಜಿಬಿ ಎಸ್‌ಎಸ್‌ಡಿ. ಬೂಟ್ ಆಗುವ ರೀತಿಯೂ ಬೇರೆ ಬೇರೆ, ಕೆಲವು ಯುಇಎಫ್‌ಐ, ಕೆಲವು ಹಳೇ ಬಯಾಸ್. ನೆಟ್ ಅಂದರೆ ಮೇಷ್ಟ್ರ ಮೊಬೈಲ್ ಹಾಟ್‌ಸ್ಪಾಟ್. ಲಿನಕ್ಸ್ ಜೊತೆಗೇ ಕನ್ನಡ ಫಾಂಟು, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ, ಮಕ್ಕಳ ಕಲಿಕೆಯ ಆಟಗಳ ಜಿಕಾಂಪ್ರಿ, ಚಿತ್ರ ತಿದ್ದುವ ಜಿಂಪ್ ಎಲ್ಲ ಒಂದೇ ಏಟಿಗೆ ಇನ್‌ಸ್ಟಾಲ್ ಆಗಬೇಕು. ಇದಕ್ಕೆ ಮೂರು ದಾರಿ ನೋಡಿದೆ.

ಕ್ಲೋನ್‌ಜಿಲ್ಲಾದಲ್ಲಿ ಒಂದು ಪಿಸಿಯನ್ನು ಪೂರ್ತಿ ಸಜ್ಜು ಮಾಡಿ, ಅದರ ಡಿಸ್ಕನ್ನೇ ಇಮೇಜ್ (ಯಥಾಪ್ರತಿ) ಮಾಡಿ ಉಳಿದವಕ್ಕೆ ಇಳಿಸುವುದು. ಆ ಇಮೇಜಿನಿಂದ ಬೂಟ್ ಆಗುವ ಐಎಸ್‌ಒ (ಡಿವಿಡಿಗೋ ಪೆನ್‌ಡ್ರೈವ್‌ಗೋ ಬರೆಯುವ ಫೈಲ್) ಕೂಡ ಮಾಡಬಹುದು. ಮೂರರಲ್ಲಿ ಇದೇ ಫಾಸ್ಟ್. ಆದರೆ 500 ಜಿಬಿ ಡಿಸ್ಕಿನ ಇಮೇಜನ್ನು 128 ಜಿಬಿ ಡಿಸ್ಕಿಗೆ ಹಾಕಲು ಹೋದರೆ ಒಪ್ಪುವುದಿಲ್ಲ, ಒಳಗಿರುವುದು 15 ಜಿಬಿ ಆದರೂ ಅಷ್ಟೇ. ಸಾಲದ್ದಕ್ಕೆ ಎಲ್ಲ ಪಿಸಿಗೂ ಒಂದೇ ಹೋಸ್ಟ್‌ನೇಮ್ (ನೆಟ್‌ವರ್ಕಿನಲ್ಲಿ ಪಿಸಿಯ ಹೆಸರು) ಬರುತ್ತದೆ. ಒಂದೇ ಮಾಡೆಲಿನ ಪಿಸಿಗಳಿದ್ದರೆ ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ.

ಉಬುಂಟು ಎಂಬ ಲಿನಕ್ಸಿನ ಆಟೋಇನ್‌ಸ್ಟಾಲ್‌ನಲ್ಲಿ ಐಎಸ್‌ಒ ಮುಟ್ಟುವುದೇ ಬೇಡ. ಏನೇನು ಬೇಕು ಅಂತ ಒಂದು ಯಾಮಲ್ (YAML) ಪಠ್ಯ ಫೈಲಿನಲ್ಲಿ ಬರೆದು, ಸಿಐಡೇಟಾ (CIDATA) ಅಂತ ಹೆಸರಿಟ್ಟ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿದರೆ ಸಾಕು. ಒಂದು ಸ್ಪೇಸ್ ಆಚೀಚೆ ಆದರೂ ತಕರಾರು. ಅದನ್ನು ಸಹಿಸಬಹುದು, ಆದರೆ ಪಟ್ಟಿಯಲ್ಲಿರುವ ಅಪ್ಲಿಕೇಶನ್‌ಗಳನ್ನು ಪ್ರತಿ ಪಿಸಿಯೂ ನೆಟ್‌ನಿಂದಲೇ ಎಳೆದುಕೊಳ್ಳುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಆಗುವ ಮಾತಾ? ನಾನು ಹಾಕುವ ಲಿನಕ್ಸ್ ಮಿಂಟ್‌ನ ಇನ್‌ಸ್ಟಾಲರ್‌ಗೆ ಈ ಸೌಲಭ್ಯವೂ ಇಲ್ಲ.

ನಾನು ಉಳಿಸಿಕೊಂಡಿದ್ದು ಕ್ಯೂಬಿಕ್. ಮಿಂಟ್‌ನ ಹಗುರ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಐಎಸ್‌ಒ ಕೊಟ್ಟರೆ ಅದನ್ನು ಬಿಚ್ಚಿ, ಅದರೊಳಗೇ ಒಂದು ಟರ್ಮಿನಲ್ ತೆರೆಯುತ್ತದೆ. ಮನೆಯ ನೆಟ್‌ನಲ್ಲಿ ಕೂತು ಅಲ್ಲೇ ಎಪಿಟಿಯಿಂದ (ಅಪ್ಲಿಕೇಶನ್ ಇಳಿಸಿ ಹಾಕುವ ಕಮಾಂಡ್) ಬೇಕಾದ್ದನ್ನೆಲ್ಲ ಹಾಕಿದೆ. ಗುಬ್ಬಿ, ನವಿಲು ಫಾಂಟುಗಳು ಬೇರೆ ಬೇರೆ ಪ್ಯಾಕೇಜುಗಳಲ್ಲಿ ಬರುತ್ತವೆ. ಕೆಜಿಪಿ ವಿನ್ಯಾಸಕ್ಕೆ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನ ಎಂ17ಎನ್ ಬೇಕು. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರುವ ಮೇಷ್ಟ್ರುಗಳಿಗೆ ಇದು ಇಲ್ಲದಿದ್ದರೆ ಮಿಕ್ಕಿದ್ದು ಏನಿದ್ದರೂ ಸುಮ್ನೆ. ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳನ್ನು ಇಟಿಸಿ ಒಳಗಿನ ಸ್ಕೆಲ್ (/etc/skel) ಫೋಲ್ಡರಿಗೆ ಹಾಕಿಟ್ಟರೆ, ಆಮೇಲೆ ಸೇರಿಸುವ ಪ್ರತಿ ಯೂಸರಿಗೂ ಅವೇ ಬರುತ್ತವೆ.

ಕಂಪ್ರೆಷನ್ ಕೇಳುವ ಕಡೆ ಎಕ್ಸ್‌ಝಡ್ ಆರಿಸಿದೆ. ಐಎಸ್‌ಒ ತಯಾರಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಆದರೆ ಯುಎಸ್‌ಬಿಯಿಂದ ಬೂಟ್ ಆಗದ ಪಿಸಿಗೆ 4.7 ಜಿಬಿ ಡಿವಿಡಿಯಲ್ಲೇ ಎಲ್ಲ ಹಿಡಿಸಬೇಕಲ್ವಾ. ಬರೆಯುವ ಮೊದಲು ಅಲ್ಲೇ ಕ್ಯೂಇಎಂಯುನಲ್ಲಿ (ಪಿಸಿಯೊಳಗೇ ಓಡುವ ನಕಲಿ ಪಿಸಿ) ಬೂಟ್ ಮಾಡಿಯೂ ನೋಡಬಹುದು.

ಇದರಲ್ಲಿ ಕೊರತೆಯೂ ಇದೆ. ಭಾಷೆ, ಪಾರ್ಟಿಷನ್, ಪಾಸ್‌ವರ್ಡ್ ಅಂತ ಪ್ರತಿ ಪಿಸಿಯ ಮುಂದೆ ಕೂತು ಒತ್ತಬೇಕು. ಒಳಗಿನ ಪ್ಯಾಕೇಜುಗಳು ಹಳತಾಗುತ್ತಾ ಹೋಗುತ್ತವೆ. ಅದಕ್ಕೆ ಪ್ರಾಜೆಕ್ಟ್ ಫೋಲ್ಡರನ್ನು ಅಳಿಸಿಲ್ಲ. ಶಾಲೆ ಶುರುವಾಗುವ ಮುಂಚೆ ಅದನ್ನೇ ತೆರೆದು, ಅಪ್‌ಡೇಟ್ ಹಾಕಿ ಹೊಸ ಐಎಸ್‌ಒ ತೆಗೆದರೆ ಆಯಿತು.